ಊರಿಗೆ ಎರಡು ಪಾರ್ಟಿ ಯಾಕೆ ಹುಟ್ಟುತ್ತವೆ?

ಮಂಡ್ಯ ಕಡೆ ಯಾವ ಊರಿನ ಟೀ ಅಂಗಡಿಯಲ್ಲಿ ಕೂತರೂ ‘ನಮ್ದು ಎರಡು ಪಾರ್ಟಿ ಊರು’ ಅನ್ನುವ ಮಾತು ಕಿವಿಗೆ ಬೀಳುತ್ತದೆ. ಹಾಗೆ ಹೇಳುವವರ ಮನಸ್ಸಿನಲ್ಲಿ ಕಾಂಗ್ರೆಸ್, ಜನತಾದಳ, ಬಿಜೆಪಿ ಇರಬೇಕೆಂದಿಲ್ಲ. ಊರೊಳಗೇ ಇರುವ ಎರಡು ಕಡೆಯವರು, ಅಂದರೆ ಡೇರಿ ಎಲೆಕ್ಷನ್‌ನಿಂದ ಹಬ್ಬದ ವಂತಿಗೆವರೆಗೆ ಎಲ್ಲದರಲ್ಲೂ ಬೇರೆ ನಿಲ್ಲುವವರು, ಅವರ ಮಾತಿನ ಅರ್ಥ.

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತ. ಪಕ್ಷದ ಚಿಹ್ನೆ ಇಲ್ಲ, ಬಿ ಫಾರಂ ಇಲ್ಲ. 2020ರ ಡಿಸೆಂಬರ್‌ನಲ್ಲಿ ನಡೆದ ಮತದಾನವೂ ಹಾಗೇ ನಡೆಯಿತು. ಆದರೂ ಫಲಿತಾಂಶ ಬಂದ ಸಂಜೆಯೇ ಪ್ರತಿ ಸದಸ್ಯರೂ ಯಾವ ಕಡೆ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಕಾನೂನು ಪಕ್ಷವನ್ನು ಹೊರಗಿಟ್ಟರೂ ಬಣ ಒಳಗೆ ಬಂತು. ಪಂಚಾಯಿತಿ ಚುನಾವಣೆಯ ಮಾತು ಎದ್ದಾಗಲೆಲ್ಲ ಜನ ಕೇಳುವ ಪ್ರಶ್ನೆಯೂ ಅದೇ: ಈ ಬಣ ಎಲ್ಲಿಂದ ಬರುತ್ತದೆ? ಕೆಟ್ಟ ಮುಖಂಡರಿಂದಲೇ? ಜಾತಿಯಿಂದಲೇ? ಅಥವಾ ಮನುಷ್ಯನ ಸ್ವಭಾವವೇ ಹೀಗೋ?

ಮೊದಲು ಎರಡು ಪದ

ಒಂದು ಹಿತಕ್ಕೋ ಆವೇಶಕ್ಕೋ ಒಗ್ಗೂಡಿ, ಬೇರೆಯವರ ಹಕ್ಕಿಗೆ ಅಥವಾ ಇಡೀ ಊರಿನ ಒಳಿತಿಗೆ ಅಡ್ಡ ಬರುವ ಗುಂಪು ಬಣ. ಅದು ಚಿಕ್ಕದಾಗಿರಬೇಕೆಂದೇನಿಲ್ಲ. ಊರಿನ ಮುಕ್ಕಾಲು ಪಾಲು ಜನ ಸೇರಿ ಕಾಲು ಪಾಲಿನವರ ಬೀದಿಗೆ ನೀರಿನ ಪೈಪು ಬಾರದಂತೆ ಮಾಡಿದರೆ ಆ ಮುಕ್ಕಾಲು ಪಾಲೂ ಬಣವೇ. ಪಕ್ಷ ಹಾಗಲ್ಲ. ಅದಕ್ಕೆ ಹೆಸರು, ನೋಂದಣಿ, ಕಾರ್ಯಕ್ರಮ, ಪದಾಧಿಕಾರಿಗಳು ಇರುತ್ತಾರೆ. ಅದು ಬಹಿರಂಗವಾಗಿ ಮತ ಕೇಳುತ್ತದೆ, ಸೋತರೆ ಐದು ವರ್ಷ ಕಾಯುತ್ತದೆ. ಬಣಕ್ಕೆ ಇದ್ಯಾವುದೂ ಬೇಕಿಲ್ಲ, ಎದುರಾಳಿ ಇದ್ದರೆ ಸಾಕು. ಒಂದೇ ಪಕ್ಷದೊಳಗೆ ಎರಡು ಬಣ ಇರಬಹುದು. ಎರಡು ಪಕ್ಷದವರು ಸೇರಿ ಡೇರಿ ಚುನಾವಣೆಗೆ ಒಂದೇ ಬಣವಾಗಿಯೂ ನಿಲ್ಲಬಹುದು.

ಇನ್ನೂರ ಮೂವತ್ತಕ್ಕೂ ಹೆಚ್ಚು ವರ್ಷದ ಹಿಂದಿನ ಉತ್ತರ

ಈ ಪ್ರಶ್ನೆಗೆ ಇಂದಿಗೂ ಎಲ್ಲರೂ ಹಿಂತಿರುಗಿ ನೋಡುವ ಉತ್ತರ ಕೊಟ್ಟವರು ಅಮೆರಿಕದ ಸಂವಿಧಾನ ರೂಪಿಸಿದವರಲ್ಲಿ ಒಬ್ಬರಾದ ಜೇಮ್ಸ್ ಮ್ಯಾಡಿಸನ್. ಬಣಕ್ಕೆ ಮೇಲೆ ಹೇಳಿದ ಅರ್ಥವೂ ಅವರದೇ. ಅಮೆರಿಕದ ಸಂವಿಧಾನವನ್ನು ಒಪ್ಪಬೇಕೋ ಬೇಡವೋ ಎಂಬ ಚರ್ಚೆ ಕಾವೇರಿದ್ದ 1787ರ ನವೆಂಬರ್‌ನಲ್ಲಿ ಅವರು ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಬೇರೆ ಹೆಸರಿನಲ್ಲಿ ಬರೆದರು. ಅದಕ್ಕೂ ಮುಂಚಿನ ವರ್ಷವಷ್ಟೇ ಮ್ಯಾಸಚೂಸೆಟ್ಸ್‌ನಲ್ಲಿ ಸಾಲದಿಂದ ಜಮೀನು ಕಳೆದುಕೊಳ್ಳುತ್ತಿದ್ದ ರೈತರು ಶೇಸ್ ಎಂಬ ಮಾಜಿ ಸೈನಿಕನ ಮುಂದಾಳತ್ವದಲ್ಲಿ ನ್ಯಾಯಾಲಯಗಳನ್ನೇ ಮುತ್ತಿದ್ದರು. ಆದ್ದರಿಂದ ಬಣ ಎಂಬುದು ಅವರಿಗೆ ಬರೀ ಪುಸ್ತಕದ ವಿಷಯವಾಗಿರಲಿಲ್ಲ.

ಬಣದ ಬೇರು ಮನುಷ್ಯ ಸ್ವಭಾವದಲ್ಲೇ ಇದೆ ಎಂದರು ಮ್ಯಾಡಿಸನ್. ಅದನ್ನು ಅವರು ಬಿಡಿಸಿದ ರೀತಿ ಸರಳ. ಮನುಷ್ಯನ ಬುದ್ಧಿ ತಪ್ಪು ಮಾಡುತ್ತದೆ, ಜೊತೆಗೆ ಆ ಬುದ್ಧಿಯನ್ನು ಸ್ವತಂತ್ರವಾಗಿ ಓಡಿಸುವ ಅವಕಾಶವೂ ಇದೆ. ಹಾಗಾಗಿ ಒಂದೇ ವಿಷಯಕ್ಕೆ ಹತ್ತು ಅಭಿಪ್ರಾಯ ಬರುವುದು ಸಹಜ. ಇಷ್ಟೇ ಆಗಿದ್ದರೆ ಚರ್ಚೆ ಮಾಡಿ ಮುಗಿಸಬಹುದಿತ್ತು. ಆದರೆ ಬುದ್ಧಿಗೂ ಸ್ವಪ್ರೇಮಕ್ಕೂ ಗಂಟು ಬಿದ್ದಿದೆ. ಎಲ್ಲರೂ ತಮ್ಮ ಮೂಗಿನ ನೇರಕ್ಕೇ ಮಾತಾಡುತ್ತಾರೆ, ಆಮೇಲೆ ಆಡಿದ ಮಾತಿಗೆ ಅಂಟಿಕೊಳ್ಳುತ್ತಾರೆ. ಅಭಿಪ್ರಾಯವನ್ನು ತಳ್ಳಿಹಾಕಿದರೆ ತಮ್ಮನ್ನೇ ತಳ್ಳಿಹಾಕಿದಂತೆ ಅನಿಸುತ್ತದೆ.

ಎರಡನೆಯ ಬೇರು ಆಸ್ತಿ. ಜನರ ಸಾಮರ್ಥ್ಯ ಬೇರೆ ಬೇರೆಯಾದ್ದರಿಂದ ಅವರ ಕೈಸೇರುವ ಆಸ್ತಿಯ ಬಗೆಯೂ ಪ್ರಮಾಣವೂ ಬೇರೆಯಾಗುತ್ತವೆ ಎಂದು ಅವರು ಹೇಳಿದರು. ಇದ್ದವನು ಮತ್ತು ಇಲ್ಲದವನು, ಸಾಲ ಕೊಟ್ಟವನು ಮತ್ತು ತೆಗೆದುಕೊಂಡವನು, ಜಮೀನುದಾರ ಮತ್ತು ವ್ಯಾಪಾರಿ ಇವರ ಹಿತ ಒಂದೇ ಆಗುವುದು ಕಷ್ಟ. ಬಣಗಳಿಗೆ ಅತಿ ಸಾಮಾನ್ಯವಾದ, ಬಹುಕಾಲ ನಿಲ್ಲುವ ಕಾರಣ ಇದೇ ಎಂಬುದು ಅವರ ತೀರ್ಮಾನ. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದರು: ದೊಡ್ಡ ಕಾರಣ ಸಿಗದಿದ್ದರೆ ಅತಿ ಕ್ಷುಲ್ಲಕ ಭೇದವೇ ಜನರನ್ನು ಕಾದಾಡಿಸಲು ಸಾಕು. ಆಗ ಅದು ಒಬ್ಬ ಚಿಂತಕನ ಊಹೆ. ಅದನ್ನು ಪರೀಕ್ಷಿಸಿ ನೋಡಲು ಸುಮಾರು 180 ವರ್ಷ ಬೇಕಾಯಿತು.

ಚುಕ್ಕಿ ಎಣಿಸಿದ ಹುಡುಗರು

1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹೆನ್ರಿ ತಾಜ್ಫೆಲ್ ಎಂಬ ಮನೋವಿಜ್ಞಾನಿ 14–15 ವರ್ಷದ ಶಾಲಾ ಹುಡುಗರಿಗೆ ಪರದೆಯ ಮೇಲೆ ಚುಕ್ಕಿಗಳನ್ನು ತೋರಿಸಿ ಎಷ್ಟಿವೆ ಎಂದು ಅಂದಾಜಿಸಲು ಹೇಳಿದರು. ಆಮೇಲೆ ‘ನೀನು ಹೆಚ್ಚು ಅಂದಾಜಿಸುವವರ ಗುಂಪು, ನೀನು ಕಡಿಮೆ ಅಂದಾಜಿಸುವವರ ಗುಂಪು’ ಎಂದು ಹಂಚಿದರು. ಹಂಚಿಕೆಗೂ ಅಂದಾಜಿಗೂ ಸಂಬಂಧವೇ ಇರಲಿಲ್ಲ, ಮನಬಂದಂತೆ ಮಾಡಿದ್ದು. ತನ್ನ ಗುಂಪಿನಲ್ಲಿ ಇನ್ಯಾರಿದ್ದಾರೆ ಎಂದೂ ಹುಡುಗನಿಗೆ ಗೊತ್ತಿಲ್ಲ. ನಂತರ ಬೇರೆ ಇಬ್ಬರು ಹುಡುಗರಿಗೆ ಹಣ ಹಂಚಲು ಹೇಳಿದರು. ಹಂಚುವವನ ಜೇಬಿಗೆ ಅದರಿಂದ ಒಂದು ಕಾಸೂ ಬರುವುದಿಲ್ಲ.

ಆದರೂ ಬಹುಪಾಲು ಹುಡುಗರು ತಮ್ಮ ಗುಂಪಿನವನಿಗೇ ಹೆಚ್ಚು ಕೊಟ್ಟರು. ಇದರ ಮುಂದುವರಿಕೆಯಾಗಿ ನಡೆದ ಪ್ರಯೋಗದಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ತಮ್ಮವರಿಗೆ ಜಾಸ್ತಿ ಹಣ ಸಿಗುವ ಆಯ್ಕೆ ಕಣ್ಣೆದುರೇ ಇದ್ದರೂ, ಎದುರು ಗುಂಪಿಗಿಂತ ತಾವು ಎಷ್ಟು ಮುಂದೆ ಎಂಬ ಅಂತರ ದೊಡ್ಡದಾಗುವ ಆಯ್ಕೆಯತ್ತ ಅವರ ಒಲವು ವಾಲಿತು, ತಮ್ಮವರಿಗೆ ಒಟ್ಟಿನಲ್ಲಿ ಕಡಿಮೆಯಾದರೂ ಸರಿಯೇ ಎಂಬಂತೆ. ಊರಿನ ರಾಜಕೀಯ ಬಲ್ಲವರಿಗೆ ಇದು ಹೊಸದಲ್ಲ. ‘ನಮ್ಮ ಬೀದಿಗೆ ರಸ್ತೆ ಬರದಿದ್ರೂ ಪರವಾಗಿಲ್ಲ, ಆ ಕಡೆಯವರ ಬೀದಿಗೆ ಬರಬಾರದು’ ಅನ್ನುವವರನ್ನು ಬರೀ ಹೊಟ್ಟೆಕಿಚ್ಚಿನವರು ಎಂದು ತಳ್ಳಿಬಿಡುತ್ತೇವೆ. ಆದರೆ ಜಗಳವೇ ಇಲ್ಲದ, ತಮ್ಮ ಗುಂಪಿನಲ್ಲಿ ಯಾರಿದ್ದಾರೆ ಎಂದೇ ತಿಳಿಯದ ಹುಡುಗರಲ್ಲೂ ಅದೇ ಕಂಡಿತು.

ಇದಕ್ಕಿಂತ ಮುಂಚೆ, 1954ರಲ್ಲಿ, ಮುಜಾಫರ್ ಶೆರಿಫ್ ಮತ್ತವರ ತಂಡ ಅಮೆರಿಕದ ಒಕ್ಲಹೋಮದಲ್ಲಿ ಸುಮಾರು 11 ವರ್ಷದ 22 ಹುಡುಗರನ್ನು ಬೇಸಿಗೆ ಶಿಬಿರಕ್ಕೆ ಕರೆದೊಯ್ದಿತ್ತು. ಹಳೆಯ ಪರಿಚಯವಿಲ್ಲದ, ಒಂದೇ ತರಹದ ಮನೆಗಳಿಂದ ಬಂದ ಹುಡುಗರು. ಎರಡು ಗುಂಪು ಮಾಡಿ ಬಹುಮಾನವಿರುವ ಆಟಗಳನ್ನು ಆಡಿಸಿದ್ದೇ ತಡ, ಬೈಗುಳ ಶುರುವಾಯಿತು, ಬಾವುಟ ಸುಟ್ಟರು, ಒಬ್ಬರ ಕೋಣೆಗೆ ಇನ್ನೊಬ್ಬರು ನುಗ್ಗಿದರು. ಒಟ್ಟಿಗೆ ಕೂರಿಸಿ ಊಟ ಹಾಕಿದರೆ ಸರಿಹೋದೀತು ಅಂದುಕೊಂಡರೆ ಅಲ್ಲಿ ಊಟವನ್ನೇ ಎರಚಾಡಿದರು. ಕೊನೆಗೆ ಬಿಸಿ ತಗ್ಗಿದ್ದು ಶಿಬಿರಕ್ಕೆ ನೀರು ನಿಂತುಹೋಗಿ, ಎರಡೂ ಗುಂಪು ಸೇರಿ ಟ್ಯಾಂಕು ಪೈಪು ಹುಡುಕಬೇಕಾದಾಗ, ಕೆಟ್ಟು ನಿಂತ ಟ್ರಕ್ಕನ್ನು ಒಟ್ಟಿಗೆ ಎಳೆಯಬೇಕಾದಾಗ.

ನಾಲೆ ಕೊನೆಯ ಗದ್ದೆಯಿಂದ ಬಣದವರೆಗೆ

ಸ್ವಭಾವ ಒಲವನ್ನಷ್ಟೇ ಕೊಡುತ್ತದೆ. ಒಲವು ಬಣವಾಗಬೇಕಾದರೆ ಹಂಚಿಕೊಳ್ಳಲೇಬೇಕಾದ, ಎಲ್ಲರಿಗೂ ಸಾಲದ ವಸ್ತುವೊಂದು ನಡುವೆ ಬರಬೇಕು. ಮಂಡ್ಯದಲ್ಲಿ ಅದು ನೀರು. ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆಗೆ ಬಿಟ್ಟ ನೀರು ಮುಖ್ಯ ನಾಲೆ, ಶಾಖಾ ನಾಲೆ, ವಿತರಣಾ ನಾಲೆ ದಾಟಿ ತೂಬಿನ ಮೂಲಕ ಹೊಲಗಾಲುವೆಗೆ ಇಳಿಯುತ್ತದೆ. ತೂಬಿನ ಪಕ್ಕದ ಗದ್ದೆಗೆ ಮೊದಲು, ಕೊನೆ ಭಾಗದ ಗದ್ದೆಗೆ ಕಡೆಗೆ. ಅಣೆಕಟ್ಟೆ 124.80 ಅಡಿ ತುಂಬಿದ ವರ್ಷ ಇದು ಸಮಸ್ಯೆಯಾಗುವುದು ಕಡಿಮೆ. ತುಂಬದ ವರ್ಷ ಕಟ್ಟು ಪದ್ಧತಿ ಬರುತ್ತದೆ, ಅಂದರೆ ಇಷ್ಟು ದಿನ ನೀರು ಬಿಟ್ಟು ಇಷ್ಟು ದಿನ ನಿಲ್ಲಿಸುವುದು. ಕಡಿಮೆ ನೀರು ಸಾಕಾಗುವ ಅರೆ ಖುಷ್ಕಿ ಬೆಳೆ ಮಾತ್ರ ಹಾಕಿ ಎಂಬ ಪ್ರಕಟಣೆಯೂ ಬರುತ್ತದೆ. ಮೇಲಿನವರು ಭತ್ತ ನಾಟಿ ಮಾಡಿಬಿಟ್ಟರೆ ಲೆಕ್ಕವೆಲ್ಲ ತಲೆಕೆಳಗು, ಯಾಕೆಂದರೆ ಭತ್ತಕ್ಕೆ ಗದ್ದೆಯಲ್ಲಿ ನೀರು ನಿಲ್ಲಬೇಕು.

ಇಲ್ಲಿಂದ ಬಣ ಹೇಗೆ ಕಟ್ಟಿಕೊಳ್ಳುತ್ತದೆ ಎಂದು ಬಿಡಿಸಿ ನೋಡೋಣ. ಕೊನೆ ಭಾಗದ ರೈತ ರಾತ್ರಿ ಬ್ಯಾಟರಿ, ಗುದ್ದಲಿ ಹಿಡಿದು ಕಾಲುವೆಗುಂಟ ಮೇಲಕ್ಕೆ ನಡೆಯುತ್ತಾನೆ. ಒಂದು ಕಡೆ ಬದು ಒಡೆದು ನೀರು ಬೇರೆಯವರ ಗದ್ದೆಗೆ ತಿರುಗಿದೆ. ಮಣ್ಣು ಎಳೆದು ಮುಚ್ಚುತ್ತಾನೆ. ಬೆಳಗಾಗುವಷ್ಟರಲ್ಲಿ ಮಾತಿಗೆ ಮಾತು ಬೆಳೆದಿರುತ್ತದೆ. ಇಲ್ಲಿಯವರೆಗೆ ಇದು ಇಬ್ಬರ ಜಗಳ. ಅರಳಿಕಟ್ಟೆ ಮುಂದೆ ನ್ಯಾಯ ಸೇರಿದಾಗ ಸಾಕ್ಷಿ ಬೇಕು. ನೀರು ಬಿಡುವ ಕೆಲಸದ ನೀರುಗಂಟಿ ಏನು ಹೇಳುತ್ತಾನೆ ಎಂಬುದು ಮುಖ್ಯವಾಗುತ್ತದೆ. ಒಬ್ಬನಿಗೆ ಅಣ್ಣತಮ್ಮಂದಿರು, ಬೀಗರು ಬಂದು ನಿಂತರೆ, ಇನ್ನೊಬ್ಬನಿಗೆ ಅವನಿಂದ ಸಾಲ ಪಡೆದವರು, ಬೆಳೆಯಲ್ಲಿ ಪಾಲು ಕೊಟ್ಟು ಅವನ ಗದ್ದೆಯನ್ನು ವಾರಕ್ಕೆ ಮಾಡುವವರು. ಇಷ್ಟರಲ್ಲಿ ಮೊದಲಿನವನ ದಾಯಾದಿ, ಜಮೀನು ಭಾಗವಾದಾಗಿನಿಂದ ಅವನೊಡನೆ ಮಾತು ಬಿಟ್ಟವನು, ಎದುರು ಕಡೆ ಹೋಗಿ ಕೂರುತ್ತಾನೆ. ಅವನಿಗೂ ಈ ನೀರಿಗೂ ಏನೂ ಸಂಬಂಧವಿಲ್ಲ. ಬಣ ಹುಟ್ಟಿದ್ದು ಈ ಕ್ಷಣದಲ್ಲಿ, ಜಗಳದ ವಿಷಯಕ್ಕೆ ಸಂಬಂಧವಿಲ್ಲದವನೂ ಒಂದು ಕಡೆ ಸೇರಿಕೊಂಡಾಗ.

ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿಗೆ ಹತ್ತಿರದ ಹಳ್ಳಿಯೊಂದರಲ್ಲಿದ್ದು ಇಂಥದ್ದನ್ನೇ ಗಮನಿಸಿದರು. ಸಂಖ್ಯೆ, ಜಮೀನು, ಸ್ಥಾನಮಾನ ಮೂರರಲ್ಲೂ ಮುಂದಿರುವ ಜಾತಿಯನ್ನು ಅವರು ಪ್ರಬಲ ಜಾತಿ ಎಂದು ಕರೆದರು. ಬಣಗಳು ಸಾಮಾನ್ಯವಾಗಿ ಒಂದು ಜಾತಿಗೂ ಇನ್ನೊಂದು ಜಾತಿಗೂ ನಡುವೆ ಒಡೆಯುವುದಿಲ್ಲ, ಪ್ರಬಲ ಜಾತಿಯ ಒಳಗೇ ಇಬ್ಬರು ಮುಖಂಡರ ನಡುವೆ ಒಡೆಯುತ್ತವೆ. ಪ್ರತಿಯೊಬ್ಬನ ಬೆನ್ನಿಗೂ ಬೇರೆ ಜಾತಿಗಳ ಗೇಣಿದಾರರು, ಕೂಲಿಯವರು, ಸಾಲಗಾರರು ಇರುತ್ತಾರೆ. ಇದನ್ನು ತಿಳಿಯದೆ ‘ಆ ಊರಲ್ಲಿ ಜಾತಿ ರಾಜಕೀಯ’ ಎಂದುಬಿಡುವವರು ಅರ್ಧವನ್ನಷ್ಟೇ ನೋಡಿರುತ್ತಾರೆ.

ಗ್ರಾಮಾಧಿಕಾರಿ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಬರುವವರೆಗೆ ಪಟೇಲ, ಶಾನುಭೋಗರ ಕೆಲಸ ವಂಶಪಾರಂಪರ್ಯವಾಗಿತ್ತು. ಈಗ ಊರಿನಲ್ಲಿ ಹಿಡಿಯಬೇಕಾದ ಕುರ್ಚಿಗಳು ಹೆಚ್ಚಿವೆ: ಪಂಚಾಯಿತಿ, ಹಾಲು ಉತ್ಪಾದಕರ ಸಂಘ, ಬೆಳೆ ಸಾಲ ಕೊಡುವ ಸೊಸೈಟಿ. ಮೂರರಲ್ಲೂ ಜನ ಅವರೇ, ಬಣಗಳೂ ಬಹುಪಾಲು ಅವೇ. ಸಹಕಾರ ಸಂಘಗಳಲ್ಲಿ ಜಗಳ ಚುನಾವಣೆಗೂ ಮುಂಚೆ, ಮತದಾರರ ಪಟ್ಟಿಯಲ್ಲೇ ಶುರುವಾಗುತ್ತದೆ. ಸಭೆಗೆ ಬಾರದ, ವ್ಯವಹಾರ ಸಾಲದ ಸದಸ್ಯರಿಗೆ ಮತದ ಹಕ್ಕು ಹೋಗುವ ನಿಯಮವಿದೆ. ಹಾಜರಿ ಪುಸ್ತಕ ಯಾರ ಕೈಯಲ್ಲಿದೆಯೋ ಅವರ ಎದುರಾಳಿಗಳು ಕೋರ್ಟಿಗೆ ಹೋಗುವುದು ಅದಕ್ಕೇ.

ಎರಡೇ ಯಾಕೆ? ಎಂಟು, ಹತ್ತು, ಆರರ ಲೆಕ್ಕ

ಹತ್ತಾರು ಜಗಳ ಇರುವ ಊರಲ್ಲಿ ಹತ್ತಾರು ಬಣ ಯಾಕಿಲ್ಲ? ಉತ್ತರ ಎಣಿಕೆಯ ನಿಯಮದಲ್ಲಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಪ್ರತಿ 400 ಜನಸಂಖ್ಯೆಗೆ ಒಬ್ಬ ಸದಸ್ಯ. 6,000 ಜನರ ಪಂಚಾಯಿತಿಗೆ 15 ಸದಸ್ಯರು. ಅಧ್ಯಕ್ಷರನ್ನು ಆರಿಸುವುದು ಈ ಸದಸ್ಯರೇ. ಎಂಟು ಮತ ಬಿದ್ದ ಕಡೆ ಕುರ್ಚಿ, ಏಳು ಬಿದ್ದ ಕಡೆ ಏನೂ ಇಲ್ಲ. ಮೂರು ಜನರ ಮೂರನೇ ಗುಂಪು ತನ್ನಷ್ಟಕ್ಕೆ ಉಳಿದರೆ ಅದರ ಕೈಗೆ ಏನೂ ಸಿಗದು, ಯಾವುದಾದರೂ ಕಡೆ ಸೇರಿದರೆ ಉಪಾಧ್ಯಕ್ಷ ಸ್ಥಾನವಾದರೂ ಸಿಗುತ್ತದೆ. ಹೀಗೆ ಗೆದ್ದವರಿಗೇ ಎಲ್ಲ ಎಂಬ ನಿಯಮ ಸಣ್ಣ ಗುಂಪುಗಳನ್ನು ಹಿಸುಕಿ ಎರಡು ಮಾಡುತ್ತದೆ. ಒಂದೇ ಕ್ಷೇತ್ರದಲ್ಲಿ ಎರಡು ಮೂರು ಸ್ಥಾನಗಳಿರುವುದೂ ಇದಕ್ಕೆ ಕೂಡಿಬರುತ್ತದೆ. ಒಬ್ಬ ಮತದಾರ ಅಷ್ಟೂ ಮತ ಹಾಕಬಹುದಾದ್ದರಿಂದ ಅಭ್ಯರ್ಥಿಗಳು ಸಿಂಡಿಕೇಟ್ ಮಾಡಿಕೊಂಡು ಒಟ್ಟಿಗೆ ಮತ ಕೇಳುತ್ತಾರೆ.

ಕೆಳಗಿಳಿಸುವ ಲೆಕ್ಕ ಬೇರೆ. ಅವಿಶ್ವಾಸ ನಿರ್ಣಯದ ನೋಟಿಸಿಗೆ ಒಟ್ಟು ಸದಸ್ಯರ ಅರ್ಧದಷ್ಟು ಸಹಿ ಬೇಕು, ನಿರ್ಣಯ ಗೆಲ್ಲಲು ಮೂರನೇ ಎರಡು ಭಾಗ ಬೇಕು. 15 ಜನರಲ್ಲಿ ಸಹಿಗೆ ಎಂಟು, ಗೆಲುವಿಗೆ ಹತ್ತು. ಅಂದರೆ ಎಂಟು ಜನ ಕುರ್ಚಿಯಲ್ಲಿ ಕೂರಿಸಬಲ್ಲರು, ಆದರೆ ಅದೇ ಎಂಟು ಜನ ಇಳಿಸಲಾರರು. ಆರು ಜನ ಗಟ್ಟಿಯಾಗಿ ನಿಂತರೆ ಅಧ್ಯಕ್ಷರು ಉಳಿಯುತ್ತಾರೆ. ಸಭೆ ಕರೆಯುವವರು ಉಪವಿಭಾಗಾಧಿಕಾರಿ. ನೋಟಿಸಿಗೂ ಸಭೆಗೂ ನಡುವೆ ದಿನಗಳ ಅಂತರವಿರಬೇಕೆಂಬುದು ನಿಯಮ, ಎದುರಾಳಿಗೆ ಉತ್ತರಿಸಲು ಸಮಯ ಸಿಗಲೆಂದು. ಅದೇ ದಿನಗಳಲ್ಲಿ ಸದಸ್ಯರು ‘ಪ್ರವಾಸ’ಕ್ಕೆ ಹೋಗುತ್ತಾರೆ, ಫೋನು ಸ್ವಿಚ್ ಆಫ್ ಆಗುತ್ತದೆ, ಸಭೆಯ ಬೆಳಗ್ಗೆ ಒಂದೇ ವಾಹನದಲ್ಲಿ ಬಂದಿಳಿಯುತ್ತಾರೆ. ಏಳು ಜನರಿರುವ ಎದುರಾಳಿಗೆ ಹತ್ತಾಗಲು ಬೇಕಾದ ಮೂವರು ತಮ್ಮ ಕಡೆಯಿಂದ ಸಿಗಬಾರದು ಎಂಬುದು ಇದರ ಹಿಂದಿನ ಲೆಕ್ಕ.

ಬಣ ಒಡೆಯುವುದಕ್ಕೆ ಎರಡು ಸಾಮಾನ್ಯ ದಾರಿಗಳಿವೆ. ಒಂದು ಮೀಸಲಾತಿ. ಅಧ್ಯಕ್ಷ ಸ್ಥಾನ ಯಾವ ವರ್ಗಕ್ಕೆ ಎಂಬುದು ಆವರ್ತನೆಯಲ್ಲಿ ಬದಲಾಗುತ್ತದೆ, ಅರ್ಧ ಸ್ಥಾನ ಮಹಿಳೆಯರಿಗೆ. ಒಂಬತ್ತು ಜನರಿರುವ ಕಡೆ ಆ ವರ್ಗದ ಮಹಿಳೆ ಯಾರೂ ಇಲ್ಲ, ಆರು ಜನರ ಕಡೆ ಒಬ್ಬರಿದ್ದಾರೆ ಅಂದುಕೊಳ್ಳಿ. ಆಗ ಸೋತ ಬಣದ ಆ ಒಬ್ಬ ಮಹಿಳೆಯೇ ಅಧ್ಯಕ್ಷೆಯಾಗಬೇಕು, ಬೇರೆ ದಾರಿಯಿಲ್ಲ. ಹಳೆಯ ಬಣಗಳ ಗೆರೆ ದಾಟಿ ಮಾತುಕತೆ ಶುರುವಾಗುವುದು ಇಂಥ ಸಂದರ್ಭದಲ್ಲೇ, ಮತ್ತು ಇದು ಒಳ್ಳೆಯದಕ್ಕೇ ಎನ್ನಬೇಕು. ಇನ್ನೊಂದು ದಾರಿ ಬಾಯಿಮಾತಿನ ಒಪ್ಪಂದ. 30 ತಿಂಗಳ ಅವಧಿಯನ್ನು ‘ನಿನಗೆ 15, ನನಗೆ 15’ ಎಂದು ಹಂಚಿಕೊಂಡು ದೇವಸ್ಥಾನದಲ್ಲಿ ಆಣೆ ಮಾಡುತ್ತಾರೆ. ಇದಕ್ಕೆ ಕಾನೂನಿನ ಬೆಂಬಲವಿಲ್ಲ. ಮೊದಲು ಕೂತವರು 16ನೇ ತಿಂಗಳು ರಾಜೀನಾಮೆ ಕೊಡದಿದ್ದರೆ ಬೇರೆಯವರು ಮಾಡಬಹುದಾದದ್ದು ಅವಿಶ್ವಾಸವೊಂದೇ, ಅದಕ್ಕೆ ಮತ್ತೆ ಹತ್ತು ಮತ ಬೇಕು. ಎರಡು ಪಾರ್ಟಿ ಊರು ಮೂರು ಪಾರ್ಟಿಯಾಗುವುದು ಹೀಗೆ.

ಪಕ್ಷಾಂತರ ನಿಷೇಧ ಕಾಯ್ದೆ ಯಾಕೆ ಅನ್ವಯಿಸುವುದಿಲ್ಲ ಎಂದು ಹಲವರು ಕೇಳುತ್ತಾರೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ ಸಂಸದರಿಗೂ ಶಾಸಕರಿಗೂ ಮಾತ್ರ. ಮೈಸೂರು ಮಹಾನಗರ ಪಾಲಿಕೆಯಂಥ ಪಕ್ಷದ ಚಿಹ್ನೆಯ ಸಂಸ್ಥೆಗಳಿಗೆ 1987ರ ರಾಜ್ಯ ಕಾಯ್ದೆಯಿದೆ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷವೇ ಇಲ್ಲವಾದ್ದರಿಂದ ಪಕ್ಷಾಂತರವೂ ಇಲ್ಲ.

ಎಲ್ಲ ಗುಂಪೂ ಬಣವೇ?

ಮ್ಯಾಡಿಸನ್ ಕೊಟ್ಟ ಅರ್ಥದಲ್ಲಿ ಒಂದು ತೊಡಕಿದೆ. ಒಂದು ಗುಂಪಿನ ಬೇಡಿಕೆ ಊರಿನ ಒಳಿತಿಗೆ ವಿರುದ್ಧವೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರು? ಮೈಸೂರು ಸಂಸ್ಥಾನದಲ್ಲಿ ಇದು ಎದುರಾಗಿತ್ತು. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ಹೆಚ್ಚಿದ್ದ ಕಾಲದಲ್ಲಿ, 1917ರಲ್ಲಿ, ಬ್ರಾಹ್ಮಣೇತರರ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಅವರ ಒತ್ತಾಯದಿಂದ 1918ರಲ್ಲಿ, ಹುದ್ದೆಗಳಲ್ಲಿ ಅವರ ಪಾಲು ಹೆಚ್ಚಿಸುವ ದಾರಿ ಸೂಚಿಸಲು, ಮಿಲ್ಲರ್ ಸಮಿತಿ ನೇಮಕವಾಯಿತು. ಅರ್ಹತೆಯೊಂದೇ ಮಾನದಂಡವಾಗಿರಬೇಕು ಎಂದಿದ್ದ ದಿವಾನ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟರು. ಒಂದು ಕಡೆಯವರ ಕಣ್ಣಿಗೆ ಅದು ಸ್ವಾರ್ಥದ ಗುಂಪುಗಾರಿಕೆ, ಇನ್ನೊಂದು ಕಡೆಯವರ ಕಣ್ಣಿಗೆ ಬಹಳ ದಿನದಿಂದ ಬಾಕಿಯಿದ್ದ ನ್ಯಾಯ. ಮಂಡಳಿ ಮುಂದೆ ಇನ್ನೊಂದು ಪಕ್ಷದೊಡನೆ ಸೇರಿ 1937ರಲ್ಲಿ ಕಾಂಗ್ರೆಸ್ಸಿನೊಳಗೆ ಬೆರೆಯಿತು. ಮರುವರ್ಷ ಮದ್ದೂರು ಬಳಿಯ ಶಿವಪುರದಲ್ಲಿ ಕಾಂಗ್ರೆಸ್ ಬಾವುಟ ಹಾರಿಸುವಾಗ ಹಳೆಯ ಎದುರಾಳಿಗಳು ಒಂದೇ ಕಡೆ ಇದ್ದರು. ಹುಟ್ಟುವಾಗ ಒಂದು ಗುಂಪಿನ ಹಿತವಾಗಿದ್ದದ್ದು ಬೆಳೆದು ಎಲ್ಲರ ಬೇಡಿಕೆಯಾಗುವುದೂ ಉಂಟು.

ಬಣಗಳ ನಡುವಿನ ಗೆರೆಯೇ ಜಾಗ ಬದಲಿಸುವುದೂ ಉಂಟು. ಕಾವೇರಿ ನೀರಿನ ಆದೇಶ ಬಂದ ದಿನ, ತೂಬಿಗಾಗಿ ಹೊಡೆದಾಡಿದವರೇ ಮಂಡ್ಯದ ಹೆದ್ದಾರಿಯಲ್ಲಿ ಪಕ್ಕಪಕ್ಕ ಕೂರುತ್ತಾರೆ. ಆಗ ‘ನಾವು’ ಎಂದರೆ ಇಡೀ ಜಿಲ್ಲೆ. ಮಳೆ ಬಂದು ಅಣೆಕಟ್ಟೆ ತುಂಬಿದ ಮೇಲೆ ‘ನಾವು’ ಮತ್ತೆ ಬೀದಿಯಷ್ಟಕ್ಕೆ ಇಳಿಯುತ್ತದೆ.

ಬೆಂಕಿಯನ್ನು ಆರಿಸಬಹುದೇ?

ಬೆಂಕಿಗೆ ಗಾಳಿ ಹೇಗೋ ಬಣಕ್ಕೆ ಸ್ವಾತಂತ್ರ್ಯ ಹಾಗೆ ಎಂಬುದು ಮ್ಯಾಡಿಸನ್ ಹೇಳಿಕೆ. ಆಲೆಮನೆ ಒಲೆಗೆ ಗಾಳಿ ಮುಚ್ಚಿದರೆ ಬೆಂಕಿ ಆರುತ್ತದೆ ನಿಜ, ಕೊಪ್ಪರಿಗೆಯ ಕಬ್ಬಿನ ಹಾಲೂ ಬೆಲ್ಲವಾಗುವುದಿಲ್ಲ. ಎಲ್ಲರಿಗೂ ಒಂದೇ ಅಭಿಪ್ರಾಯ ಕೊಡುವುದಂತೂ ಆಗದ ಮಾತು. ಹಾಗಾಗಿ ಕಾರಣವನ್ನು ಕೀಳುವ ಬದಲು ಪರಿಣಾಮವನ್ನು ಹಿಡಿದಿಡಿ ಎಂದರು. ಅವರ ಉಪಾಯ ದೊಡ್ಡ ಗಣರಾಜ್ಯ. ಕ್ಷೇತ್ರ ದೊಡ್ಡದಾದಷ್ಟೂ ಗುಂಪುಗಳು ಹೆಚ್ಚುತ್ತವೆ, ಯಾವುದೇ ಒಂದು ಬಹುಮತವಾಗುವುದು ಕಷ್ಟ. ಮಂಡ್ಯ ಜಿಲ್ಲೆಯಲ್ಲಿ ಸಂಖ್ಯೆಯಲ್ಲೂ ಜಮೀನಿನಲ್ಲೂ ಒಕ್ಕಲಿಗರು ಮುಂದು, ಇಡೀ ರಾಜ್ಯದಲ್ಲಿ ಯಾವ ಒಂದು ಜಾತಿಗೂ ಬಹುಮತವಿಲ್ಲ. ಹಾಗಾಗಿ ವಿಧಾನಸೌಧದಲ್ಲಿ ಹೊಂದಾಣಿಕೆ ಅನಿವಾರ್ಯ, ಹಳ್ಳಿಯಲ್ಲಿ ಅನಿವಾರ್ಯವಲ್ಲ. ಹಳ್ಳಿಯನ್ನು ಸಂವಿಧಾನದ ಮೂಲ ಘಟಕ ಮಾಡಬೇಡಿ ಎಂದು ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕಟುವಾಗಿ ಮಾತಾಡಿದ್ದನ್ನೂ ಈ ಹಿನ್ನೆಲೆಯಲ್ಲಿ ಓದಬಹುದು: ಸಣ್ಣ ಜಾಗದಲ್ಲಿ ಬಲವಿದ್ದವರ ಕೈಯಿಂದ ಬಲವಿಲ್ಲದವರಿಗೆ ತಪ್ಪಿಸಿಕೊಳ್ಳಲು ದಾರಿಯಿರುವುದಿಲ್ಲ.

1993ರಲ್ಲಿ ಅಧಿಕಾರ ಹಳ್ಳಿಗೇ ಬಂತು, ಬಣವನ್ನು ಹಿಡಿದಿಡುವ ನಿಯಮಗಳೂ ಜೊತೆಗೇ ಬಂದವು: ಮೀಸಲಾತಿ, ಮೂರನೇ ಎರಡರ ಬಹುಮತ, ಗ್ರಾಮಸಭೆ. ಮೊದಲೆರಡು ತಮ್ಮಷ್ಟಕ್ಕೆ ಕೆಲಸ ಮಾಡುತ್ತವೆ. ಗ್ರಾಮಸಭೆಗೆ ಮಾತ್ರ ಜನ ಬರಬೇಕು. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸೇರಿದರೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ. 4,000 ಮತದಾರರಿರುವಲ್ಲಿ ಒಂದು ಕಡೆಯವರೇ 100 ಜನರನ್ನು ಕರೆತಂದು ಸಹಿ ಹಾಕಿಸಿದರೆ ಮನೆ ಮಂಜೂರಾತಿಯ ಫಲಾನುಭವಿಗಳ ಪಟ್ಟಿ ಒಪ್ಪಿಗೆಯಾದಂತೆ. ಕೋಪಗೊಂಡ ಎದುರು ಬಣ ಸಾಮಾನ್ಯವಾಗಿ ಸಭೆಗೆ ಬಹಿಷ್ಕಾರ ಹಾಕುತ್ತದೆ. ಅಲ್ಲೇ ತಪ್ಪುವುದು. ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ, ಮನೆ ಇರುವವರ ಹೆಸರು ಸೇರಿದ್ದರೆ ಆಕ್ಷೇಪಣೆಯನ್ನು ನಡಾವಳಿ ಪುಸ್ತಕದಲ್ಲೇ ಬರೆಸಿ, ಅದರ ನಕಲಿಗೆ ಅರ್ಜಿ ಕೊಟ್ಟರೆ ಮುಂದೆ ತಾಲ್ಲೂಕು ಪಂಚಾಯಿತಿಗೋ ಕೋರ್ಟಿಗೋ ಹೋದಾಗ ಕೈಯಲ್ಲಿ ದಾಖಲೆ ಇರುತ್ತದೆ. ಸಭೆಗೇ ಹೋಗದವರ ಆಕ್ಷೇಪಣೆ ನಡಾವಳಿಯಲ್ಲಿ ಇರುವುದಿಲ್ಲ.